ಗ್ಯಾಸ್ಟ್ರಿಕ್ಕು, ಸವಳು, ಸುಣ್ಣ

ನಮ್ಮ ಜನಕ್ಕೆ ಬರುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಗ್ಯಾಸ್ಟ್ರಿಕ್ಕು. ಎದೆ ಉರಿದರೆ ಗ್ಯಾಸ್ಟ್ರಿಕ್ಕು ಎನ್ನುವುದು ಸರಿಯೇ. ಆದರೆ ಸೊಂಟ ಹಿಡಿದರೂ ಗ್ಯಾಸ್ಟ್ರಿಕ್ಕು. ಭುಜ ನೋವಾದರೆ ಗ್ಯಾಸು ಭುಜಕ್ಕೆ ಹೋಗಿ ಕೂತಿದೆ. ತಲೆ ಸಿಡಿದರೆ ಗ್ಯಾಸು ನೆತ್ತಿಗೇರಿದೆ. ಹೊಟ್ಟೆಯಿಂದ ನೆತ್ತಿಗೆ ಇಂಥದೊಂದು ಓಣಿ ಇರುವುದು ಯಾವ ವೈದ್ಯಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ನಮ್ಮ ಬಂಧುಬಳಗದಲ್ಲಿ ಮಾತ್ರ ಅದರ ನಕ್ಷೆ ಎಲ್ಲರಿಗೂ ಬಾಯಿಪಾಠ. ಔಷಧಿ ಅಂಗಡಿಗೆ ಹೋಗಿ "ಗ್ಯಾಸ್ಟ್ರಿಕ್ಕಿಗೆ ಒಂದೆರಡು ಕೊಡಿ" ಎಂದರೆ ಸಾಕು. ಅಂಗಡಿಯವನು ಏನು, ಎತ್ತ ಎಂದು ಕೇಳುವುದಿಲ್ಲ. ಮೊಬೈಲಿನಲ್ಲಿ ಮಾತಾಡುತ್ತಲೇ ಹಾಳೆಯಿಂದ ಕತ್ತರಿಯಲ್ಲಿ ನಾಲ್ಕು ಗುಳಿಗೆ ಕತ್ತರಿಸಿ ಮುಂದೆ ತಳ್ಳುತ್ತಾನೆ. ಹೃದಯದ ನೋವನ್ನೇ ಗ್ಯಾಸ್ಟ್ರಿಕ್ಕು ಅಂದುಕೊಂಡು ಸೋಡಾ ಕುಡಿದು ಮಲಗಿದವರ ಕತೆಗಳು ಡಾಕ್ಟರುಗಳ ಹತ್ತಿರ ಬೇಕಾದಷ್ಟಿವೆ, ಅವು ನಗುವ ಕತೆಗಳಲ್ಲ.

ಈ ಗದ್ದಲದಲ್ಲಿ ಒಂದು ಸಂಗತಿ ಮರೆತೇ ಹೋಗುತ್ತದೆ. ಹೊಟ್ಟೆ ಹುಳಿಯಾಗಿರಬೇಕಾದದ್ದೇ. ಅಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಅದನ್ನು 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯ ಗುರುತಿಸಿದ. ಅದಕ್ಕೆ ಎರಡು ವರ್ಷ ಮುಂಚೆ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಹುಡುಗನಿಗೆ ಆಕಸ್ಮಿಕವಾಗಿ ಗುಂಡೇಟು ಬಿತ್ತು. ಬದುಕಿಕೊಂಡ, ಆದರೆ ಹೊಟ್ಟೆಯಲ್ಲಿ ಬಿದ್ದ ತೂತು ಮುಚ್ಚಲೇ ಇಲ್ಲ. ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಆ ಕಿಂಡಿಯಲ್ಲಿ ಮಾಂಸದ ತುಂಡನ್ನು ದಾರಕ್ಕೆ ಕಟ್ಟಿ ಇಳಿಬಿಡುವುದು, ಗಂಟೆ ಕಳೆದು ಎಳೆದು ನೋಡುವುದು, ಎಷ್ಟು ಕರಗಿತು ಎಂದು ಬರೆದಿಡುವುದು ಹೀಗೆ ವರ್ಷಗಟ್ಟಲೆ ಕೂತ. 1833ರಲ್ಲಿ ಪುಸ್ತಕವೇ ಬಂತು. ಅಲೆಕ್ಸಿ ಮಧ್ಯೆ ಮಧ್ಯೆ ಊರಿಗೆ ಓಡಿಹೋಗುತ್ತಿದ್ದನಂತೆ. ಯಾರಾದರೂ ಓಡಿಹೋಗುವವರೇ. ಸಿಟ್ಟು ಬಂದಾಗ ಹೊಟ್ಟೆಯ ಕೆಲಸ ಕೆಡುತ್ತದೆ ಎಂಬುದನ್ನೂ ಬೋಮಾಂಟ್ ಗಮನಿಸಿದ್ದಾನೆ. ಆ ಸಿಟ್ಟು ಬರಿಸಿದ್ದು ಯಾರು ಎಂದು ಮಾತ್ರ ವಿವರಿಸಲು ಹೋಗಿಲ್ಲ.

ಹುಳಿಯ ಅಳತೆಗೆ ನಾವು ಹೇಳುವ ಪಿಎಚ್ ಹುಟ್ಟಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಕಂಪನಿಯದೇ. ಸೋರೆನ್‌ಸೆನ್ ಎಂಬ ರಸಾಯನ ವಿಜ್ಞಾನಿ ಅಲ್ಲಿ ಕೂತು ಈ ಅಳತೆಗೋಲು ಮಾಡಿದ. ಮಡಿಯಲ್ಲಿ ಲಿಂಬೆಹಣ್ಣು ಹಿಂಡುವ ನಮ್ಮ ಅತ್ತೆಯಂದಿರಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಏಳು ಎಂದರೆ ಮಧ್ಯ, ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಒಂದೊಂದು ಮೆಟ್ಟಿಲು ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ನಮ್ಮ ರಕ್ತ 7.4ರ ಆಸುಪಾಸು, ಹೊಟ್ಟೆಯ ರಸ ಒಂದೂವರೆಯವರೆಗೂ ಇಳಿಯುತ್ತದೆ. ಅಂದರೆ ಒಂದೇ ಮೈಯೊಳಗೆ, ಗೇಣು ಅಂತರದಲ್ಲಿ, ಸುಮಾರು ಎಂಟು ಲಕ್ಷ ಪಟ್ಟು ವ್ಯತ್ಯಾಸ. ಹೊಟ್ಟೆಯ ಗೋಡೆಯ ಜೀವಕೋಶಗಳು ಪೊಟ್ಯಾಸಿಯಂ ಅಯಾನನ್ನು ಒಳಗೆ ಎಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರಗೆ ದಬ್ಬುತ್ತವೆ, ಒಂದಕ್ಕೊಂದು ವಿನಿಮಯ. ಇದೇ ಪ್ರೋಟಾನ್ ಪಂಪು. ಅಂಗಡಿಯವನು ಕತ್ತರಿಸಿಕೊಡುವ ಗುಳಿಗೆ ಈ ಪಂಪಿನ ಬಾಯಿ ಕಟ್ಟುತ್ತದೆ. ಪಂಪು ಚುರುಕಾಗುವುದು ತಿನ್ನುವಾಗ, ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ ಎನ್ನುವುದು. ಈನೋದ ದಾರಿ ಬೇರೆ. ಪಂಪಿನ ತಂಟೆಗೆ ಹೋಗದೆ, ಆಗಲೇ ಬಂದಿರುವ ಹುಳಿಗೆ ಸೋಡಾ ಸೇರಿಸಿ ತಣ್ಣಗೆ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ತೇಗಾಗಿ ಹೊರಬರುತ್ತದೆ. ಆ ತೇಗು ಹೊಟ್ಟೆಯೊಳಗೆ ಮೊದಲಿನಿಂದ ಅಡಗಿದ್ದ ಗ್ಯಾಸಲ್ಲ, ಲೋಟದಿಂದ ಈಗ ತಾನೆ ಹೋದದ್ದು. ಆದರೂ "ನೋಡು, ಎಷ್ಟು ಗ್ಯಾಸಿತ್ತು!" ಎಂದು ಹೊಟ್ಟೆ ಸವರಿಕೊಳ್ಳುವ ಸುಖವನ್ನು ಯಾಕೆ ಕೆಡಿಸಬೇಕು?

ನಿಜವಾಗಿ ಹುಣ್ಣಾದವರಿಗೆ ಈ ಗುಳಿಗೆ ದೊಡ್ಡ ವರ, ಅದರಲ್ಲಿ ಎರಡು ಮಾತಿಲ್ಲ. ಕೇಳದೆ ಕೊಟ್ಟದ್ದನ್ನು ಕೇಳದೆ ವರ್ಷಗಟ್ಟಲೆ ನುಂಗುವವರ ಮಾತು ಬೇರೆ. ಹುಳಿ ಕಡಿಮೆಯಾದರೆ ಆಹಾರದಲ್ಲಿನ ಬಿ12 ಬಿಡಿಸಿಕೊಳ್ಳುವುದು ಕಷ್ಟ, ಮೆಗ್ನೀಸಿಯಂ ಇಳಿಯಬಹುದು, ಕಬ್ಬಿಣದ ಅಂಶ ಹೀರುವುದೂ ಕುಂದುತ್ತದೆ. ಊಟದ ಜೊತೆ ಬಂದ ಸೂಕ್ಷ್ಮಜೀವಿಗಳನ್ನು ಬಾಗಿಲಲ್ಲೇ ಸುಡುವುದೂ ಅದೇ ಹುಳಿ. ಅಷ್ಟು ಹುಳಿಯಲ್ಲೂ ಸಂಸಾರ ಹೂಡಿದ ಬ್ಯಾಕ್ಟೀರಿಯಾ ಒಂದಿದೆ, ಹೆಲಿಕೋಬ್ಯಾಕ್ಟರ್ ಪೈಲೋರಿ. ಹುಣ್ಣಿಗೆ ಅದೇ ಕಾರಣ ಎಂದು ಯಾರೂ ನಂಬದಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ಬೆಳೆಸಿದ ರಸವನ್ನೇ ಗಟಗಟ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾದ ಉಪಾಯ ನನಗೆ ಇಷ್ಟ. ಹೊಟ್ಟೆಯಲ್ಲಿರುವ ಅಷ್ಟಿಷ್ಟು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಹುಳಿಯನ್ನು ಮಾತ್ರ ಮುರಿದುಕೊಳ್ಳುತ್ತದೆ. ಯೂರಿಯಾ ಎಂದರೆ ಹೊಲಕ್ಕೆ ಎರಚುವ ಅದೇ ಬಿಳಿ ಹರಳು. ಅದರ ಸಂಗತಿ ಮುಂದೆ ಬರುತ್ತದೆ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರುವ ರಾಯರೊಬ್ಬರು ಈಚೆಗೆ ಮನೆಗೆ ಆಲ್ಕಲೈನ್ ನೀರಿನ ಯಂತ್ರ ತಂದಿದ್ದಾರೆ. ಸ್ಕೂಟರಿಗಿಂತ ದುಬಾರಿ. "ರಕ್ತ ಆಸಿಡಿಕ್ ಆಗೋದೇ ಎಲ್ಲಾ ಕಾಯಿಲೆಗೂ ಮೂಲ ಸಾರ್, ಇದು ಒಂಬತ್ತೂವರೆ ಪಿಎಚ್" ಎಂದು ಬಾಟಲಿ ತೋರಿಸಿದರು. ಆ ನೀರು ಮೊದಲು ಇಳಿಯುವುದು ಹೊಟ್ಟೆಗಲ್ಲವೇ ರಾಯರೇ, ಅಲ್ಲಿ ಒಂದೂವರೆಯ ಹುಳಿ ಕಾದು ಕೂತಿರುತ್ತದಲ್ಲ ಎಂದೆ. ರಾಯರು ಯೋಚಿಸಿದರು. "ಅದಕ್ಕೇ ಸಾರ್, ಖಾಲಿ ಹೊಟ್ಟೆಗೆ ಮೂರು ಲೋಟ ಕುಡೀಬೇಕು" ಎಂದರು. ಇಂಥ ಮನುಷ್ಯನನ್ನು ಸೋಲಿಸುವುದು ಯಾರಿಗೂ ಸಾಧ್ಯವಿಲ್ಲ.

ರಕ್ತದ ಪಿಎಚ್ 7.35ರಿಂದ 7.45ರ ನಡುವೆ ನಿಂತಿರುತ್ತದೆ. ಈ ಕಿರಿದಾದ ಪಟ್ಟಿಯಾಚೆ ದೂರ ಜಾರಿತು ಎಂದರೆ ಆ ಮನುಷ್ಯ ಪಾರ್ಕಿನಲ್ಲಿರುವುದಿಲ್ಲ, ಐಸಿಯುನಲ್ಲಿರುತ್ತಾನೆ. ಉಸಿರಿನ ಮೂಲಕ ಇಂಗಾಲದ ಡೈಆಕ್ಸೈಡನ್ನು ಹೆಚ್ಚುಕಡಿಮೆ ಬಿಟ್ಟು ಶ್ವಾಸಕೋಶ, ಹುಳಿಯನ್ನೋ ಬೈಕಾರ್ಬನೇಟನ್ನೋ ಮೂತ್ರಕ್ಕೆ ಹಾಕಿ ಮೂತ್ರಪಿಂಡ, ಇವೆರಡೂ ಹಗಲು ರಾತ್ರಿ ಲೆಕ್ಕ ಸರಿದೂಗಿಸುತ್ತವೆ. ಗಾಬರಿಯಾಗಿ ಏದುಸಿರು ಬಿಟ್ಟವರಿಗೆ ಬೆರಳ ತುದಿ ಜುಮುಜುಮು ಎನ್ನುತ್ತದಲ್ಲ, ಅದು ಈ ಲೆಕ್ಕ ಕ್ಷಣಕಾಲ ತಪ್ಪಿದ್ದರ ಗುರುತು. ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ, ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಅಯಾನು ಕಡಿಮೆಯಾಗುತ್ತದೆ, ನರಗಳು ಚುಳುಚುಳು ಎನ್ನುತ್ತವೆ. ಕ್ಷಾರವೆಂದರೆ ಆರೋಗ್ಯ ಎನ್ನುವವರು ಇದನ್ನೊಮ್ಮೆ ಅನುಭವಿಸಿ ನೋಡಬೇಕು. ಹಾಗಂತ ರಾಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಲಿಂಬೆಹುಳಿಯ ಸಿಟ್ರೇಟನ್ನು ಮೈ ಉರಿಸಿದ ಮೇಲೆ ಉಳಿಯುವುದು ಬೈಕಾರ್ಬನೇಟು. ಅದರಿಂದ ಮೂತ್ರ ಒಂದಿಷ್ಟು ಕ್ಷಾರವಾಗುತ್ತದೆ. ಕಲ್ಲಾದವರಿಗೆ ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪು ಬರೆಯುವುದು ಈ ಕಾರಣಕ್ಕೇ. ಸಿಟ್ರೇಟು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಕಲ್ಲು ಕಟ್ಟದಂತೆಯೂ ತಡೆಯುತ್ತದೆ. ಮೂತ್ರ ಬದಲಾಗುವುದು ರಕ್ತ ಬದಲಾಗದಿರಲಿ ಎಂದೇ. ರಾಯರಿಗೆ ಇದನ್ನು ಹೇಳಿದೆ. ಲಿಂಬೆಹಣ್ಣಿನ ಮಾತನ್ನಷ್ಟೇ ಹಿಡಿದುಕೊಂಡು ಹೋದರು.

ಅಯಾನುಗಳು ಜೀವ ಉಳಿಸಿದ ಕತೆ ನಮ್ಮ ದೇಶದಲ್ಲೇ ನಡೆದದ್ದು, ಅದಕ್ಕೆ ಯಂತ್ರ ಬೇಕಾಗಿರಲಿಲ್ಲ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಿಕ್ಕಿರಿದಾಗ ಕಾಲರಾ ಹೊಕ್ಕಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಬಾಟಲಿ ಮುಗಿಯುತ್ತ ಬಂದಿತ್ತು. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸು ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಎಂದರು. ಶೇಕಡಾ 30ರ ಹತ್ತಿರವಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಕಾಲರಾ ಬಂದ ಕರುಳಿಗೆ ಬರೀ ನೀರು ಕೊಟ್ಟರೆ ನಿಲ್ಲುವುದಿಲ್ಲ, ಬರೀ ಉಪ್ಪುನೀರು ಕೊಟ್ಟರೂ ಇಲ್ಲ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಗೃಹಸ್ಥರು ದಂಪತಿ ಸಮೇತ ಬಂದರೆ ಮಾತ್ರ ಕೂರಿಸುವ ಸತ್ಯನಾರಾಯಣ ಪೂಜೆಯ ಮಣೆಯ ಹಾಗೆ, ಸೋಡಿಯಂ ಮತ್ತು ಗ್ಲೂಕೋಸು ಜೊತೆಯಾಗಿ ಬಂದರೆ ಮಾತ್ರ ಅದು ಒಳಗೆ ಬಿಡುತ್ತದೆ. ಅವು ಹೋದ ಹಿಂದೆಯೇ ನೀರೂ ಹೋಗುತ್ತದೆ. ಈ ಜೋಡಿಯನ್ನು ರಾಬರ್ಟ್ ಕ್ರೇನ್ 1960ರಲ್ಲೇ ಹೇಳಿದ್ದ. ಈಗಿನ ಓಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟು. ಭೇದಿಯಲ್ಲಿ ಬೈಕಾರ್ಬನೇಟು ಸೋರಿಹೋಗಿ ರಕ್ತ ನಿಜಕ್ಕೂ ಹುಳಿಯಾಗುವುದುಂಟು. ಅದನ್ನು ಸರಿಪಡಿಸಲು ಆ ಕೊನೆಯ 2.9 ಗ್ರಾಂ. ರಾಯರ ಯಂತ್ರದ ಕೆಲಸವನ್ನು ಚಿಲ್ಲರೆ ಕಾಸಿನ ಪೊಟ್ಟಣ ಮಾಡುತ್ತದೆ, ಅದೂ ಬೇಕಾದಾಗ ಮಾತ್ರ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೊಟ್ಟೆ ಕೆಟ್ಟಾಗ ಅಜ್ಜಿಯರು ಕುಡಿಸುತ್ತಿದ್ದ ಉಪ್ಪು ಹಾಕಿದ ಗಂಜಿಯೂ ಇದೇ ಬಾಗಿಲು ತಟ್ಟುತ್ತದೆ, ಅಕ್ಕಿಯ ಪಿಷ್ಟ ಒಳಗೆ ಗ್ಲೂಕೋಸೇ ತಾನೆ.

ಕರುಳಿನಲ್ಲಿ ಇಷ್ಟು ಉಪಕಾರಿಯಾದ ಸೋಡಿಯಂ ಎರೆಮಣ್ಣಿಗೆ ಹೋದರೆ ಆಗುವ ಅನಾಹುತ ನೋಡಬೇಕೆಂದರೆ ಸಿಂಧನೂರು, ಗಂಗಾವತಿಯ ಕಡೆ ಹೋಗಬೇಕು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯನ್ನು ಯೋಜಿಸಿದವರು ಜೋಳ, ಹತ್ತಿಯಂಥ ಹಗುರ ನೀರಾವರಿಯ ಬೆಳೆ ಮನಸ್ಸಿನಲ್ಲಿಟ್ಟುಕೊಂಡಿದ್ದರು. ನೀರು ಕಂಡ ರೈತ ಭತ್ತ ಹಚ್ಚಿದ. ನೀರು ಕಂಡ ಮೇಲೆ ಭತ್ತ ಹಚ್ಚಬೇಡ ಎಂದು ಯಾರಿಗೆ ಹೇಳಲಾದೀತು? ನಿಂತ ನೀರು ಇಂಗಿ ಅಂತರ್ಜಲ ಮೇಲೆದ್ದಿತು, ಆಳದಲ್ಲಿದ್ದ ಲವಣಗಳನ್ನು ಹೊತ್ತು ತಂದಿತು. ಬಿಸಿಲಿಗೆ ನೀರು ಹಾರಿಹೋಯಿತು, ಲವಣ ಉಳಿಯಿತು. ಅಲ್ಲಿಯವರು ಸವಳು-ಜವಳು ಎನ್ನುತ್ತಾರೆ. ಬೇಸಿಗೆಯಲ್ಲಿ ಬದುವಿನಂಚಿಗೆ ಬಿಳಿ ಪೊರೆ ಎದ್ದಿರುತ್ತದೆ, ಬೆರಳಲ್ಲಿ ಕೆರೆದು ನಾಲಿಗೆಗಿಟ್ಟರೆ ಉಪ್ಪು. ಇದರಲ್ಲೂ ಎರಡು ಬಗೆ. ಬರೀ ಉಪ್ಪಾದರೆ ಬಸಿಗಾಲುವೆ ತೋಡಿ ಸಿಹಿನೀರಿನಲ್ಲಿ ತೊಳೆದುಬಿಡಬಹುದು. ಸೋಡಿಯಂ ಮಣ್ಣನ್ನೇ ಹಿಡಿದು ಕೂತಿದ್ದರೆ ತೊಳೆದಷ್ಟೂ ಕೆಡುತ್ತದೆ.

ಯಾಕೆಂದರೆ ಜೇಡಿಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಧನ ಅಯಾನುಗಳಾದ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಅಮೋನಿಯಂ ಅಲ್ಲಿಗೆ ಅಂಟಿಕೊಂಡು ಕೂರುತ್ತವೆ. ನೈಟ್ರೇಟಿಗೆ ಆ ಯೋಗವಿಲ್ಲದೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಎರಡು ವಿದ್ಯುದಂಶದ ಕ್ಯಾಲ್ಸಿಯಂ ಕಣ ಕಣಗಳನ್ನು ಕೂಡಿಸಿ ಹೆಂಟೆ ಕಟ್ಟುತ್ತದೆ, ನಡುವೆ ಗಾಳಿಗೆ ನೀರಿಗೆ ಜಾಗ ಬಿಡುತ್ತದೆ. ಒಂದೇ ವಿದ್ಯುದಂಶದ, ಸುತ್ತ ನೀರು ಕಟ್ಟಿಕೊಂಡ ಸೋಡಿಯಮ್ಮಿಗೆ ಆ ಕೂಡಿಸುವ ಗುಣವಿಲ್ಲ. ಕಣಗಳು ಚದುರಿ, ರಂಧ್ರಗಳು ಮುಚ್ಚಿ, ಸುರಿದ ನೀರು ಮೇಲೇ ನಿಲ್ಲುತ್ತದೆ. ಅದಕ್ಕೆ ಜಿಪ್ಸಂ. ಕ್ಯಾಲ್ಸಿಯಂ ಸಲ್ಫೇಟು ಕರಗಿ, ಕ್ಯಾಲ್ಸಿಯಂ ಮಣ್ಣಿನ ಮೈಮೇಲೆ ಕೂತು ಸೋಡಿಯಮ್ಮನ್ನು ಎಬ್ಬಿಸುತ್ತದೆ. ಎದ್ದ ಸೋಡಿಯಂ ಸಲ್ಫೇಟಾಗಿ ಬಸಿನೀರಿನಲ್ಲಿ ಹೊರಟುಹೋಗುತ್ತದೆ. ಅಲ್ಲಿಗೆ ಹೋಗಿ ಸುಣ್ಣ ಹಾಕಿ ಎಂದು ಉಪದೇಶ ಮಾಡಿದರೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನಗುತ್ತಾರೆ. ಎಂಟೂವರೆಯಾಚೆಗೆ ಹೋಗಿ ಕ್ಷಾರವಾದ ನೆಲಕ್ಕೆ ಮತ್ತಷ್ಟು ಕ್ಷಾರವೇ?

ಸುಣ್ಣ ಬೇಕಾದದ್ದು ಘಟ್ಟದ ಮೇಲೆ, ನಮ್ಮ ಭಾವನ ಅಡಿಕೆ ತೋಟಕ್ಕೆ. ಶಿರಸಿ ಸೀಮೆಯ ಜಂಬಿಟ್ಟಿಗೆ ಮಣ್ಣು, ಮಳೆ ಎಂದರೆ ಆಕಾಶಕ್ಕೂ ಭೂಮಿಗೂ ಹಗ್ಗ ಕಟ್ಟಿದ್ದು. ಆ ಮಳೆ ಸಾವಿರಾರು ವರ್ಷಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಮ್ಮನ್ನು ತೊಳೆದು ಸಮುದ್ರಕ್ಕೆ ಹಾಕಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ, ಹುಳಿ. ಪಿಎಚ್ ಐದೂವರೆಗಿಂತ ಇಳಿದರೆ ಅಲ್ಯೂಮಿನಿಯಂ ಅಯಾನಾಗಿ ಕರಗಿ ಬೇರಿನ ತುದಿಯನ್ನು ಮೊಟಕು ಮಾಡುತ್ತದೆ, ಹಾಕಿದ ರಂಜಕವನ್ನೂ ಕಟ್ಟಿಹಾಕುತ್ತದೆ. ಅದರ ಮೇಲೆ ಯೂರಿಯಾ. ಹೊಟ್ಟೆಯ ಬ್ಯಾಕ್ಟೀರಿಯಾದಂತೆಯೇ ಮಣ್ಣಿನ ಜೀವಿಗಳೂ ಅದನ್ನು ಅಮೋನಿಯಾ ಮಾಡುತ್ತವೆ, ಅಲ್ಲಿಯವರೆಗೆ ಸರಿ. ಆಮೇಲೆ ಬೇರೆ ಜೀವಿಗಳು ಅಮೋನಿಯಮ್ಮನ್ನು ನೈಟ್ರೇಟಾಗಿಸುವಾಗ ಹೈಡ್ರೋಜನ್ ಅಯಾನು ಹೊರಬಿದ್ದು ಮಣ್ಣು ಮತ್ತೂ ಹುಳಿಯಾಗುತ್ತದೆ.

ಭಾವ ಜೇಬಿನಲ್ಲಿ ಆಸಿಡಿಟಿ ಗುಳಿಗೆ ಇಟ್ಟುಕೊಂಡೇ ತಿರುಗುವವರು. ಕವಳ ಹಾಕುವಾಗ ಎಲೆಯ ಬೆನ್ನಿಗೆ ಸುಣ್ಣ ಸವರುವುದರಲ್ಲಿ ಅವರ ಕೈ ಪಳಗಿದೆ, ಒಂದು ಗುಲಗಂಜಿ ಹೆಚ್ಚಾಗಲಿಕ್ಕಿಲ್ಲ, ಕಡಿಮೆಯಾಗಲಿಕ್ಕಿಲ್ಲ. ಹೆಚ್ಚಾದರೆ ಬಾಯಿ ಸುಡುತ್ತದೆ, ಕಡಿಮೆಯಾದರೆ ಕೆಂಪೇರುವುದಿಲ್ಲ, ಅಡಿಕೆಯ ಅಮಲೂ ಬರುವುದಿಲ್ಲ. ಬಾಯಿಗೆ ದಿನಕ್ಕೆ ಐದಾರು ಬಾರಿ ಸುಣ್ಣ ಕೊಡುವ ಭಾವ ತೋಟಕ್ಕೆ ಮಾತ್ರ ಸುಣ್ಣ ಕಾಣಿಸಿದವರಲ್ಲ. "ಎಂತ ಹೇಳ್ತೀಯ ಮಾರಾಯ, ಮೈಲುತುತ್ತದ ಜೊತೆ ವರ್ಷವೂ ಹೊಡೀತೇವಲ್ಲ" ಎನ್ನುತ್ತಾರೆ.

ಅದು ಕೊಳೆರೋಗದ ಔಷಧಿ, ಬೋರ್ಡೋ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ಬೇಲಿಬದಿಯ ಬಳ್ಳಿಗೆ ಎರಚುತ್ತಿದ್ದ ನೀಲಿ ಮಸಿ, ರೋಗವನ್ನೂ ಕಾಯುತ್ತದೆ ಎಂದು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಹೇಳಿದ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದ. ಅಡಿಕೆ ಕೊನೆಗಳಿಗೆ ಬೋರ್ಡೋ ಹತ್ತಿಸಿದವನೂ ಅವನೇ. ಭಾವನ ಮನೆಯಲ್ಲಿ ಮಳೆ ಹಿಡಿಯುವ ಮುಂಚೆ ಈ ಪಾಕ ತಯಾರಾಗುವುದನ್ನು ನೋಡಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಡ್ರಮ್ಮಿನ ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನ ಹೊಯ್ಯುತ್ತ ಕೋಲಾಡಿಸಿದರೆ ಆಕಾಶದ ಬಣ್ಣ. ಸುಣ್ಣ ಹಳತಾಗಿ ಗಾಳಿ ಕುಡಿದಿದ್ದರೆ ಅದರ ಜೋರು ಕಡಿಮೆ. ಆಗ ತಾಮ್ರದ ಅಯಾನು ಬಿಡಿಯಾಗಿ ಉಳಿದು ಎಳೆಮಿಳ್ಳೆಯನ್ನು ಸುಡುತ್ತದೆ. ಹೊಟ್ಟೆಗೆ ಮೂರು ಡಾಕ್ಟರನ್ನು ಬದಲಾಯಿಸಿದ ಭಾವ ಇಲ್ಲಿ ಯಾರನ್ನೂ ಕೇಳುವುದಿಲ್ಲ. ಮಸೆದ ಕತ್ತಿಯ ಬಾಯನ್ನು ಡ್ರಮ್ಮಿನಲ್ಲಿ ಅದ್ದಿ, ಕವಳ ಜಗಿಯುತ್ತ ಸ್ವಲ್ಪ ಹೊತ್ತು ಹಿಡಿದು, ಎತ್ತಿ ಬೆಳಕಿಗೆ ಹೊರಳಿಸುತ್ತಾರೆ. ಅಲಗಿನ ಮೇಲೆ ಕೆಂಪು ಕಂದು ಪೊರೆ ಕೂತಿದ್ದರೆ "ಇನ್ನೊಂದು ಹಿಡಿ ಸುಣ್ಣ ಬರಲಿ" ಎಂದು ಮರ ಹತ್ತುವ ಕೊನೆಗೌಡನಿಗೆ ಕೂಗು. ಕಬ್ಬಿಣ ತಾನು ಅಯಾನಾಗಿ ನೀರಿಗಿಳಿದು ತಾಮ್ರವನ್ನು ತನ್ನ ಮೈಮೇಲೆ ಕೂರಿಸಿದ ಗುರುತು ಆ ಪೊರೆ. ಪೊರೆ ಕೂರದಿದ್ದರೆ ಹೊಡೆಯಬಹುದು. ಕಾಲೇಜಿನ ಪ್ರಯೋಗಾಲಯದಲ್ಲಿ ಗೀರು ಹಾಕಿದ ಗಾಜಿನ ನಳಿಕೆಯ ಮುಂದೆ ಬೆವರಿದ ನನ್ನಂಥವನಿಗೆ ಭಾವನ ಕತ್ತಿ ಕಂಡರೆ ಹೊಟ್ಟೆಕಿಚ್ಚು.

ಆದರೆ ಕೊನೆಗಳಿಗೆ ಹೊಡೆದ ಆ ಸುಣ್ಣ ಬುಡಕ್ಕೆ ಎಷ್ಟು ಸಂದೀತು? ಹಿಂದಿನವರು ಸೊಪ್ಪು, ಗೊಬ್ಬರದ ಜೊತೆ ಬೂದಿಯನ್ನೂ ಹಾಕುತ್ತಿದ್ದರು. ಬಚ್ಚಲ ಒಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟೂ ಇದೆ, ಕ್ಯಾಲ್ಸಿಯಮ್ಮೂ ಇದೆ, ಒಳ್ಳೆ ಕ್ಷಾರ. ಕರಾವಳಿಯಿಂದ ಚಿಪ್ಪಿನ ಸುಣ್ಣವೂ ಬರುತ್ತಿತ್ತು. ಈಗ ಮನೆಮನೆಗೆ ಗ್ಯಾಸ್ ಗೀಸರು, ಬೂದಿಯೇ ಅಪರೂಪ. ಭಾವನ ಮನೆಯಲ್ಲಿ ಮಾತ್ರ ಬಚ್ಚಲ ಒಲೆ ಇನ್ನೂ ಉರಿಯುತ್ತದೆ, ಆ ಬೂದಿಯೂ ಹಿತ್ತಲು ದಾಟುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಭಾವ, ಎಷ್ಟು ಸುಣ್ಣ ಬೇಕು ಅಂತ ಅವರೇ ಬರೆದುಕೊಡ್ತಾರೆ ಎಂದು ನಾನು ವರ್ಷಗಳಿಂದ ಗೋಗರೆಯುತ್ತಿದ್ದೆ. ಕಳೆದ ಸಲ ಹೋದಾಗ ಜಗಲಿಯಲ್ಲಿ ಕೂರುವ ಮುಂಚೆಯೇ ಭಾವ ಕಾಗದ ಹಿಡಿದರು. ಮಣ್ಣು ಆರೋಗ್ಯ ಚೀಟಿ. ಪಿಎಚ್ 7.6, ಪೊಟ್ಯಾಷ್ ಅಧಿಕ.

"ನೋಡು, ಸುಣ್ಣ ಬೇಡವೇ ಬೇಡ ಅಂತ ಸರಕಾರವೇ ಬರೆದುಕೊಟ್ಟಿದೆ. ನೀನು ಪೇಟೆಯಲ್ಲಿ ಕೂತು ನನ್ನ ತೋಟ ಹುಳಿ ಅಂತೀಯ."

ನಾನು ಎರಡು ಸಲ ಓದಿದೆ. ಈ ಸೀಮೆಯ ಜಂಬಿಟ್ಟಿಗೆಗೆ ಈ ಅಂಕಿ ಬರುವ ಪೈಕಿಯಲ್ಲ. ತೋಟದ ನಾಲ್ಕಾರು ಕಡೆ ಗೊಬ್ಬರಗುಂಡಿ, ಹುತ್ತ ಬಿಟ್ಟು, ವಿ ಆಕಾರಕ್ಕೆ ಗುಂಡಿ ತೋಡಿ, ಬದಿಯ ಮಣ್ಣು ಕೆರೆದು, ಎಲ್ಲ ಕಲೆಸಿ ಅರ್ಧ ಕೆಜಿ ಕೊಡಬೇಕೆಂದು ಚೀಟಿಯ ಹಿಂಬದಿಯಲ್ಲೇ ಅಚ್ಚಾಗಿದೆ.

"ಮಣ್ಣು ಎಲ್ಲಿಂದ ತೆಗೆದದ್ದು ಭಾವ?"

"ಇಲ್ಲೇ, ಬಚ್ಚಲ ಹಿಂದೆ. ಆ ಮಳೆಯಲ್ಲಿ ತೋಟದವರೆಗೆ ಇಳಿಯೋದು ಯಾರು ಮಾರಾಯ?"

ಒಳಗಿನಿಂದ ಅಕ್ಕ, "ಬೂದಿ ಹೊಯ್ಯೋ ಜಾಗದ್ದು ಕೊಟ್ಟಿದ್ದಾರೆ, ನಾನು ಬೇಡ ಅಂದೆ" ಎಂದಳು. ಭಾವ ಕೇಳಿಸಿಕೊಳ್ಳಲಿಲ್ಲ. ಚೀಟಿ ಮಡಚಿ, ಆಸಿಡಿಟಿ ಗುಳಿಗೆಯ ಹಾಳೆಯಿದ್ದ ಜೇಬಿಗೇ ತುರುಕಿ, ಎಲೆಯ ತೊಟ್ಟು ಮುರಿದು ಸುಣ್ಣದ ಡಬ್ಬಿಗೆ ಕೈ ಹಾಕಿದರು.